ಹಾಡಿದವಳಿಗೆ ಒಂದು

೨ ಮಾರ್ಚ್ ೧೯೯೪

ಭಾಮೈದನಿಗೆ,

ಇತ್ತ ನಾನು ಕ್ಷೇಮ. ಅತ್ತಲಿನ ಕ್ಷೇಮ ವಿಚಾರಿಸುವುದು ಪದ್ಧತಿ. ನಿನ್ನ ಕ್ಯಾಸೆಟ್ಟು ಕೇಳಿದ ಮೇಲೆ ಆ ಪದ್ಧತಿಯ ಮೇಲೆ ನನಗೆ ಮನಸ್ಸಿಲ್ಲ.

ನಿನ್ನ ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ನನ್ನ ಮಗಳು ಮನೆ ಬಿಟ್ಟು ನಿನ್ನ ಮನೆ ಸೇರಿ ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ನಿನ್ನಿಂದ ಒಂದು ಸಾಲು ಬಂದಿಲ್ಲ. ಈಗ ಬಂದದ್ದು ಒಂದು ಕ್ಯಾಸೆಟ್ಟು, ಜೊತೆಗೊಂದು ಚೀಟಿ: ‘ನಿಮ್ಮ ಅಂಕಣಕ್ಕೆ. ಮೊದಲ ಕೇಳಿಕೆಯ ಅಂಕ ಬೇಕು.’ ಬೇಕಾದರೆ ತಗೋ. ಹನ್ನೊಂದು ವರ್ಷದಿಂದ ಹಗಲೆಲ್ಲ ಪತ್ರಿಕೆಯ ಕರಡು ತಿದ್ದಿ, ಸಂಜೆ ಹಾಡು ಕೇಳಿ, ಹತ್ತಕ್ಕೆ ಇಷ್ಟು ಎಂದು ಬರೆಯುತ್ತಿದ್ದೇನೆ. ಸಿನಿಮಾದ ಹಾಡಾಗಲಿ, ಒಂದೇ ಕಥೆಯನ್ನು ಏಳೆಂಟು ಹಾಡಿಗೆ ಸೀಳಿದ ನಿನ್ನಂಥವರ ಕ್ಯಾಸೆಟ್ಟಾಗಲಿ, ಒಂದೇ ಸಲ ಕೇಳುವುದು, ಅಂಕ ಹಾಕುವುದು, ಮುಗಿಯಿತು. ಅಚ್ಚುಕೂಟದಲ್ಲಿ ನನಗೆ ‘ಹತ್ತಕ್ಕೆ ಮೂರು’ ಎಂದೇ ಅಡ್ಡಹೆಸರು. ಹೆಂಡತಿಯ ತಮ್ಮ ಎಂದು ನಾಲ್ಕು ಕೊಡುವ ಪೈಕಿ ನಾನಲ್ಲ.

‘ಏಳು ಮಹಡಿ’. ಲಿಫ್ಟು ನಡೆಸುವ ಹೆಂಗಸೊಬ್ಬಳ ಒಂದು ದಿನ, ಮಹಡಿಗೊಂದು ಹಾಡು. ಕಲ್ಪನೆ ಚೆನ್ನಾಗಿದೆ. ಅದು ನಿನ್ನದಲ್ಲ ಎಂದು ನನ್ನ ಅನುಮಾನ.

ಮೊದಲನೆಯದು ಲಿಫ್ಟಿನ ಜಾಲರಿ ಬಾಗಿಲು ಎಳೆಯುವ ಸದ್ದಿನಿಂದ ಶುರು. ಸದ್ದಿಗೆ ಐದು ಕೊಟ್ಟೆ. ಆಮೇಲೆ ಹಾಡು ಬಂತು, ಎರಡು ಕಳೆದೆ. ಎರಡನೆಯದು ಹಲ್ಲಿನ ಡಾಕ್ಟರ ಮಹಡಿ. ಹಲ್ಲು ಕೊರೆಯುವ ಸದ್ದನ್ನು ಕೊಳಲಿಗೆ ಇಳಿಸಿದ್ದೀಯ. ನಕ್ಕೆ, ನಾಲ್ಕು. ಮೂರನೆಯದು ಬೀಗ ಹಾಕಿದ ಆಫೀಸು. ಹಾಡಿಗೂ ಬೀಗ ಜಡಿಯಬಹುದಿತ್ತು, ಎರಡು. ನಾಲ್ಕನೆಯದರಲ್ಲಿ ಬರೀ ವಾದ್ಯ, ಯಾರೂ ಬಾಯಿ ತೆರೆಯುವುದಿಲ್ಲ. ಇಡೀ ಕ್ಯಾಸೆಟ್ಟಿಗೆ ಅದೇ ಮೇಲು, ಐದು. ಐದನೇ ಮಹಡಿಯಲ್ಲಿ ಯಾವನೋ ದಿನಾ ಇಳಿದು ಹೋಗುತ್ತಾನೆ, ಇವಳು ಅವನ ಬೆನ್ನು ನೋಡುತ್ತಾಳೆ. ನಾಲ್ಕು ನಿಮಿಷ ಮೂವತ್ತೈದು ಸೆಕೆಂಡು ನೋಡುತ್ತಾಳೆ, ಕೈಗಡಿಯಾರ ಹಿಡಿದು ಅಳೆದಿದ್ದೇನೆ. ಅಷ್ಟು ಹೊತ್ತಿಗೆ ಅವನು ಮನೆ ಸೇರಿ ಕಾಲು ತೊಳೆದುಕೊಂಡಿರುತ್ತಾನೆ. ಎಳೆತವೋ ಎಳೆತ, ಎರಡು. ಆರನೆಯದರಲ್ಲಿ ಲಿಫ್ಟು ಎರಡು ಮಹಡಿಯ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ತಾಳವೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಒಂದು. ಏಳನೆಯದರಲ್ಲಿ ಅವಳು ಮೊದಲ ಸಲ ಲಿಫ್ಟಿನಿಂದ ಹೊರಗೆ ಕಾಲಿಡುತ್ತಾಳೆ. ನಾನು ಟೇಪು ನಿಲ್ಲಿಸಿದೆ. ಮೂರು.

ಇನ್ನು ಹಾಡಿದವಳು. ಹೊದಿಕೆಯ ಮೇಲೆ ಅವಳ ಹೆಸರಿಲ್ಲ, ಒಳ್ಳೆಯದೇ ಆಯಿತು. ಮೊದಲ ಹಾಡಿನ ಮೊದಲ ಪದ ‘ಏಳು’. ಅವಳು ‘ಏಲು’ ಎನ್ನುತ್ತಾಳೆ. ಕ್ಯಾಸೆಟ್ಟಿನ ಹೆಸರನ್ನೇ ಹೇಳಲು ಬಾರದವಳ ಕೈಗೆ ಏಳು ಹಾಡು ಕೊಟ್ಟಿದ್ದೀಯ. ದನಿ ಭಾರ, ನಡೆ ನಿಧಾನ, ಳಕಾರ ನಾಪತ್ತೆ. ಯಾರೂ ತಿದ್ದಲಿಲ್ಲವೇ ಎಂದು ಕೇಳಬಹುದು. ತಿದ್ದುವವರ ಮಾತು ಕೇಳುವ ಪೈಕಿ ಅಲ್ಲ ಎಂದು ಕಾಣುತ್ತದೆ. ಹಾಡಿದವಳಿಗೆ ಒಂದು.

ಹೆತ್ತವರಿಗೆ ಹೆಗ್ಗಣ ಮುದ್ದು. ನಿನ್ನ ಹಾಡು ನಿನಗೆ ಮುದ್ದಾಗಿರಲಿ. ಹದಿಮೂರನೇ ತಾರೀಖು ಭಾನುವಾರದ ಪುಟದಲ್ಲಿ ಇದೆಲ್ಲ ಬರುತ್ತದೆ.

ನಿನ್ನ ಭಾವ


೭ ಮಾರ್ಚ್ ೧೯೯೪

ಭಾವನವರಿಗೆ ನಮಸ್ಕಾರಗಳು.

ಹಿರಿಯರೆಂದು ನಮಸ್ಕಾರ, ಮರ್ಯಾದೆ ಅಲ್ಲಿಗೇ ಸಾಕು.

ನಿಮ್ಮ ಕಾಗದವನ್ನು ಸ್ಟುಡಿಯೋದಲ್ಲಿ ನಿಂತುಕೊಂಡೇ ಓದಿದೆ. ನನ್ನ ಸ್ಟುಡಿಯೋ ಎಂದರೆ ನಿಮಗೆ ಗೊತ್ತಲ್ಲ, ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಗೋಡೆಗೆ ಅಂಟಿಸಿಕೊಂಡ ಒಂದೂವರೆ ಕೋಣೆ. ಅದರೊಳಗೆ ಎಂಟು ತಿಂಗಳು ಕೂತು ಮಾಡಿದ್ದಕ್ಕೆ ನೀವು ಒಂದು ಸಂಜೆ ಕಾಲು ಚಾಚಿ ಕೂತು ಅಂಕ ಹಾಕಿದಿರಿ. ಹಾಕಿ. ನಿಮ್ಮ ಎರಡು, ಒಂದು, ಮೂರು ನನ್ನ ಹಳೇ ಚಪ್ಪಲಿಗೂ ತಾಗುವುದಿಲ್ಲ. ನೀವು ಹತ್ತಕ್ಕೆ ಮೂರು ಕೊಟ್ಟ ಸಿನಿಮಾ ಹಾಡುಗಳನ್ನು ಊರೆಲ್ಲ ಹಾಡುತ್ತಿದೆ. ನೀವು ಎಂಟು ಕೊಟ್ಟದ್ದನ್ನು ಬರೆದವನ ಹೆಂಡತಿಯೂ ಹಾಡುವುದಿಲ್ಲ.

ಒಂದು ಮಾತು ಮಾತ್ರ ಕೇಳುತ್ತೇನೆ. ಜನ್ಮದಲ್ಲಿ ನಿಮ್ಮ ಹತ್ತಿರ ಏನೂ ಕೇಳಿದವನಲ್ಲ. ನನ್ನ ಟ್ಯೂನಿಗೆ ಸೊನ್ನೆ ಕೊಡಿ, ವಾದ್ಯಕ್ಕೆ ಸೊನ್ನೆ ಕೊಡಿ, ನನ್ನ ಮೋರೆಗೂ ಸೊನ್ನೆ ಕೊಡಿ. ಹಾಡಿದವಳ ಸಾಲನ್ನು ಅಚ್ಚಿಗೆ ಕಳಿಸುವ ಮೊದಲು ಇನ್ನೊಂದು ಸಲ ಕ್ಯಾಸೆಟ್ಟು ಹಾಕಿ ಕೇಳಿ. ಒಂದೇ ಸಲ. ಯಾಕೆ ಎಂದು ಕೇಳಬೇಡಿ, ಹೇಳುವುದಿಲ್ಲವೆಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ.

ನಿಮ್ಮ ಭಾಮೈದ


೧೧ ಮಾರ್ಚ್ ೧೯೯೪

ಭಾಮೈದನಿಗೆ,

ತಿದ್ದುವುದು ನನ್ನ ಹಗಲಿನ ಕೆಲಸ. ಸಂಜೆ ನಾನು ತಿದ್ದುವುದಿಲ್ಲ. ಮೊದಲ ಕೇಳಿಕೆ ಎಂದರೆ ಮೊದಲ ಕೇಳಿಕೆ. ಎರಡನೇ ಸಲ ಕೇಳಿದರೆ ಹಾಡು ಕಿವಿಗೆ ಅಭ್ಯಾಸವಾಗುತ್ತದೆ, ಮೂರನೇ ಸಲಕ್ಕೆ ನೆಂಟನಾಗುತ್ತದೆ. ನೆಂಟರಿಗೆ ನಾನು ಅಂಕ ಕೊಡುವುದಿಲ್ಲ.

ಪುಟ ಅಚ್ಚಿಗೆ ಹೋಯಿತು. ಕರಡನ್ನು ನಾನೇ ತಿದ್ದಿದೆ, ಒಂದು ಕಾಗುಣಿತವೂ ತಪ್ಪಿಲ್ಲ.

ನನ್ನ ಮಗಳು ನಿನ್ನ ಮನೆಯಲ್ಲಿ ಏನು ಮಾಡಿಕೊಂಡಿದ್ದಾಳೆ ಎಂದು ನಾನು ಕೇಳಬಾರದು, ಕೇಳುವುದೂ ಇಲ್ಲ. ಚಳಿ ಹಿಡಿದರೆ ಅವಳಿಗೆ ಎದೆ ಕಟ್ಟುತ್ತದೆ. ನಿನ್ನ ಆ ಕೋಣೆಗೆ ಕಿಟಕಿ ಇದೆಯೋ ಇಲ್ಲವೋ.

ನಿನ್ನ ಭಾವ


೧೮ ಮಾರ್ಚ್ ೧೯೯೪

ಭಾವನವರಿಗೆ,

ಕೊಟ್ಟ ಮಾತು ಮುರಿಯುತ್ತಿದ್ದೇನೆ. ಪಾಪ ಬಂದರೆ ನಿಮ್ಮ ತಲೆಯ ಮೇಲೆ ಬರಲಿ.

ಹಾಡಿದವಳು ನಿಮ್ಮ ಮಗಳು. ಹುಟ್ಟಿದಾಗ ಅತ್ತದ್ದಕ್ಕೆ ‘ಪೀಪಿ’ ಎಂದು ನೀವೇ ಹೆಸರಿಟ್ಟಿರಲ್ಲ, ಆ ಪೀಪಿ. ಲಿಫ್ಟಿನವಳ ಕಥೆಯೂ ಅವಳದೇ. ಇಲ್ಲಿಗೆ ಬಂದ ಮೊದಲ ವರ್ಷ ಅವಳು ಒಂದು ಕಟ್ಟಡದಲ್ಲಿ ಲಿಫ್ಟು ನಡೆಸುತ್ತಿದ್ದಳು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಹೊದಿಕೆಯ ಮೇಲೆ ಹೆಸರು ಬೇಡ ಎಂದು ಹಟ ಹಿಡಿದವಳೂ ಅವಳೇ. ‘ಅಪ್ಪ ಹೆಸರು ನೋಡಿದ್ರೆ ಒಂದೋ ಸಿಟ್ಟಿಗೆ ಕಡಿಮೆ ಕೊಡ್ತಾರೆ, ಇಲ್ಲ ಪ್ರೀತಿಗೆ ಜಾಸ್ತಿ ಕೊಡ್ತಾರೆ. ನಂಗೆ ಸರಿಯಾದ್ದು ಬೇಕು ಮಾಮ’ ಎಂದಳು. ಪ್ರೀತಿಗೆ ಜಾಸ್ತಿ! ಅವಳ ಭ್ರಮೆ ನೋಡಿ.

ಅಕ್ಕ ಇದ್ದಾಗ ಈ ಹುಡುಗಿ ಅಡುಗೆಮನೆಯಲ್ಲಿ ಹಾಡಿಕೊಂಡರೆ ನೀವು ಪೇಪರಿನ ಹಿಂದಿನಿಂದ ‘ನಾಲ್ಕು’ ಎನ್ನುತ್ತಿದ್ದಿರಿ. ಅಕ್ಕ ಹೋದ ಮೇಲೆ ‘ಮೂರು’ ಎನ್ನಲು ಶುರುಮಾಡಿದಿರಿ. ಮೂರಕ್ಕೆ ಅವಳು ಮನೆ ಬಿಟ್ಟಳು. ಈಗ ಒಂದು ಕೊಟ್ಟಿದ್ದೀರಿ, ಎಲ್ಲಿಗೆ ಹೋಗಬೇಕು ಹೇಳಿ.

ಭಾನುವಾರ ಪಿಟೀಲಿನವರು ಸ್ಟುಡಿಯೋದಲ್ಲಿ ನಿಮ್ಮ ಪುಟವನ್ನು ಜೋರಾಗಿ ಓದಿದರು. ಹಲ್ಲಿನ ಡಾಕ್ಟರ ಸಾಲಿಗೆ ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳು. ಕೊನೆಯ ಸಾಲು ಬಂತು. ಅವಳೇ ಎದ್ದು ಎಲ್ಲರ ಟೀ ಲೋಟ ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ತೊಳೆದಳು. ಆರು ಲೋಟ ತೊಳೆಯಲು ಅರ್ಧ ಗಂಟೆ.

ಅವತ್ತಿನಿಂದ ಹಾಡಿಲ್ಲ. ಗುನುಗುವುದೂ ಇಲ್ಲ. ಕ್ಯಾಸೆಟ್ಟುಗಳ ಮೇಲೆ ಚೀಟಿ ಬರೆದು ಅಂಟಿಸುತ್ತಾ ಕೂರುತ್ತಾಳೆ. ಮೇ ಹದಿನೇಳಕ್ಕೆ ಒಂದು ಸಿನಿಮಾದ ನಾಲ್ಕು ಹಾಡಿನ ರೆಕಾರ್ಡಿಂಗ್ ಇದೆ, ನಿರ್ದೇಶಕರಿಗೆ ಅವಳ ದನಿಯೇ ಬೇಕು. ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದುಬಿಟ್ಟಳು. ಟೆಲಿಫೋನ್ ಎಕ್ಸ್‌ಚೇಂಜಿಗೆ ಅರ್ಜಿ ತುಂಬಿಟ್ಟಿದ್ದಾಳೆ. ‘ಅಲ್ಲಿ ಬರೀ ನಂಬರ್ ಹೇಳೋದು ಮಾಮ. ಏಳು ಅನ್ನೋದಕ್ಕೆ ಒಂದಕ್ಕೇ ಳ ಬೇಕು, ಹೇಗೋ ನಿಭಾಯಿಸ್ತೀನಿ’ ಎನ್ನುತ್ತಾಳೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬರೆದಿದ್ದಿರಿ. ನಿಮ್ಮ ಪಾಲಿಗೆ ಗಾದೆಯೂ ಸುಳ್ಳಾಯಿತು. ಮೇ ಹದಿನೇಳರೊಳಗೆ ಅವಳ ಬಾಯಿ ಬಿಡಿಸುವ ದಾರಿ ನೋಡಿ. ಬೀಗ ಹಾಕಿದವರೇ ತೆಗೆಯಬೇಕು.

ನಿಮ್ಮ ಭಾಮೈದ


೧೨ ಏಪ್ರಿಲ್ ೧೯೯೪

ಭಾಮೈದನಿಗೆ,

ನಿನ್ನ ಕಾಗದ ಬಂದು ಮೂರು ವಾರ ಮೇಲಾಯಿತು. ನಾಲ್ಕು ಸಲ ಉತ್ತರ ಬರೆದು ನಾಲ್ಕು ಸಲ ಹರಿದೆ. ಇದು ಐದನೆಯದು, ಚಿಕ್ಕದಾಗಿದೆ.

ಹೆಸರು ಹಾಕದೆ ಕಳಿಸಿದ್ದು ನೀವಿಬ್ಬರು. ಬಲೆ ಹಾಸಿ, ಹಕ್ಕಿ ಬಿತ್ತಲ್ಲ ಎಂದು ಹಕ್ಕಿಯನ್ನೇ ಬೈದರೆ ಹೇಗೆ? ಒಂದು ವರ್ಷ ಲಿಫ್ಟಿನ ಪೆಟ್ಟಿಗೆಯೊಳಗೆ ನಿಂತಿದ್ದಳು ಎಂದು ಹೇಳಲು ನಿನಗೆ ಹದಿನೈದು ಪೈಸೆಯ ಕಾರ್ಡೂ ಸಿಗಲಿಲ್ಲವೇ? ಮಾಮನಂತೆ ಮಾಮ.

ಎಕ್ಸ್‌ಚೇಂಜಿನ ಅರ್ಜಿ ಕಳಿಸಲು ಬಿಡಬೇಡ.

ನಿನ್ನ ಭಾವ


೨೦ ಏಪ್ರಿಲ್ ೧೯೯೪

ಭಾವನವರಿಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದನ್ನು ಹಿಂದುಮುಂದು ಮಾಡಿದರೆ ನಿಮ್ಮ ಕಥೆ. ಈ ಕಾಗದ ಬರೆಯುವಾಗ ನನಗೆ ನಗು ತಡೆಯಲಾಗುತ್ತಿಲ್ಲ.

ನನ್ನ ಐದನೇ ಹಾಡು ನಾಲ್ಕು ನಿಮಿಷ ಹತ್ತು ಸೆಕೆಂಡು. ಮೂಲ ಟೇಪಿನ ಡಬ್ಬಿಯ ಮೇಲೆ ನನ್ನ ಕೈಯಾರೆ ಬರೆದಿದ್ದೇನೆ. ನೀವು ಅಳೆದದ್ದು ನಾಲ್ಕು ಮೂವತ್ತೈದು. ಇಪ್ಪತ್ತೈದು ಸೆಕೆಂಡು ಎಲ್ಲಿಂದ ಬಂತು? ನಿಮ್ಮ ಗಡಿಯಾರ ತಪ್ಪುವುದಿಲ್ಲ, ನೀವು ಗಡಿಯಾರದ ಅಪ್ಪ. ಹಾಗಾದರೆ ತಪ್ಪುತ್ತಿರುವುದು ನಿಮ್ಮ ಟೇಪ್ ರೆಕಾರ್ಡರ್. ಒಳಗಿನ ರಬ್ಬರ್ ಬೆಲ್ಟು ಸಡಿಲವಾಗಿದೆ ಭಾವನವರೇ! ಕ್ಯಾಸೆಟ್ಟು ನಿಧಾನ ಓಡುತ್ತಿದೆ. ನಿಧಾನ ಓಡಿದರೆ ತಾಳ ಎಳೆಯುತ್ತದೆ, ಶ್ರುತಿ ಹಾರ್ಮೋನಿಯಮ್ಮಿನ ಒಂದೂವರೆ ಮನೆ ಕೆಳಗಿಳಿಯುತ್ತದೆ, ದನಿ ಭಾರವಾಗುತ್ತದೆ.

ಅನುಮಾನ ಬೇಡವೆಂದು ಪೀಪಿಯ ಟ್ರಂಕು ತೆಗೆಸಿದೆ. ಹನ್ನೊಂದು ವರ್ಷದ ನಿಮ್ಮ ಅಂಕಣಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದಾಳೆ, ನನಗೂ ಗೊತ್ತಿರಲಿಲ್ಲ. ಎಲ್ಲ ಹರವಿಕೊಂಡು ಕೂತೆವು. ಎಂಬತ್ತೆಂಟರವರೆಗೆ ‘ಎಳೆತ’ ಎಂಬ ಮಾತೇ ಇಲ್ಲ. ಎಂಬತ್ತೆಂಟರಿಂದ ವಾರಕ್ಕೊಂದು ಎಳೆತ, ತಿಂಗಳಿಗೊಂದು ‘ಈಗಿನವರಿಗೆ ಉಸಿರಿಲ್ಲ’. ಆರು ವರ್ಷ ನೀವು ಬೈದದ್ದು ಸಂಗೀತವನ್ನಲ್ಲ, ಒಂದು ರಬ್ಬರ್ ಬೆಲ್ಟನ್ನು.

ಅವಳು ನಕ್ಕಳು. ತಿಂಗಳಾದ ಮೇಲೆ ಮೊದಲ ಸಲ. ‘ಹಾಗಾದ್ರೆ ಅಪ್ಪಂಗೆ ನನ್ನ ಗುರುತೇ ಸಿಕ್ಕಿಲ್ಲ ಮಾಮ. ಪಾಪ. ಯಾವಳೋ ಗಂಡುಗಂಟಲಿನವಳು ಅಂದ್ಕೊಂಡಿದ್ದಾರೆ’ ಎಂದಳು. ನಿಮ್ಮನ್ನು ನೋಡಬೇಕಂತೆ. ಮೇ ಎಂಟು, ಭಾನುವಾರ ಬರುತ್ತಾಳೆ. ನಿಮ್ಮ ಟೇಪ್ ರೆಕಾರ್ಡರಿಗೆ ಹೊಂದುವ ಬೆಲ್ಟನ್ನು ನಾಲ್ಕು ಅಂಗಡಿ ಅಲೆದು ತಂದಿಟ್ಟಿದ್ದಾಳೆ. ನಿಮ್ಮ ಮುಂದೆ ಕ್ಯಾಸೆಟ್ಟು ಸರಿಯಾಗಿ ಓಡಿದ ಮೇಲೆ ಹದಿನೇಳರ ಹಾಡಿನ ವಿಚಾರ ಎಂದಿದ್ದಾಳೆ.

ಅಂಕಣದಲ್ಲಿ ಬೆಲ್ಟಿನ ಸುದ್ದಿ ಹಾಕಿ. ಊರಿಗೆಲ್ಲ ಗೊತ್ತಾಗಲಿ. ನನಗೆ ಅಷ್ಟು ಸಂತೋಷವಾದರೂ ಬೇಡವೇ?

ನಿಮ್ಮ ಭಾಮೈದ


೨೭ ಏಪ್ರಿಲ್ ೧೯೯೪

ಭಾಮೈದನಿಗೆ,

ಈ ಕಾಗದ ಓದಿ ಹರಿದು ಹಾಕು.

ಬೆಲ್ಟು ಸಡಿಲವೇ. ರೇಡಿಯೋ ರಿಪೇರಿಯವರನ್ನು ಮನೆಗೇ ಕರೆಸಿದೆ. ಅವರು ಹಿಂದಿನ ಮುಚ್ಚಳ ಬಿಚ್ಚಿ ಬೆರಳಿನಿಂದ ಎಳೆದು ತೋರಿಸಿದರು, ಹಳೇ ಪೈಜಾಮದ ಎಲಾಸ್ಟಿಕ್ಕಿನಂತೆ ಜೋತುಬಿತ್ತು. ಹೊಸದು ಹಾಕಿಸಿದೆ. ನೀನು ಹೇಳಿದಂತೆ ಅಂಕಣದಲ್ಲೂ ಬರೆದುಕೊಟ್ಟಿದ್ದೇನೆ, ಮೇ ಒಂದಕ್ಕೆ ಬರುತ್ತದೆ. ಸಂಪಾದಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಚ್ಚುಕೂಟದಲ್ಲಿ ನನ್ನನ್ನು ಈಗ ‘ಬೆಲ್ಟು’ ಎಂದು ಕರೆಯುತ್ತಾರೆ. ನಿನಗೆ ತಂಪಾಯಿತಲ್ಲ.

ಈಗ ಕೇಳು. ನೀನು ನನಗೆ ಒಂದು ನೆಪ ಹುಡುಕಿಕೊಟ್ಟೆ, ಎಷ್ಟು ಒಳ್ಳೆಯ ನೆಪ. ಶ್ರುತಿ ಇಳಿದಿತ್ತು, ಗುರುತು ಸಿಗಲಿಲ್ಲ, ಪಾಪ ಮುದುಕ. ಆ ಮಾತು ಹಿಡಿದುಕೊಂಡು ಆರಾಮವಾಗಿ ಇದ್ದುಬಿಡಬಹುದಿತ್ತು. ಮಗಳು ಬರುತ್ತಾಳೆ, ಬೆಲ್ಟು ತರುತ್ತಾಳೆ. ನನಗೆ ಅದು ಗಂಟಲಲ್ಲಿ ಇಳಿಯುತ್ತಿಲ್ಲ.

ನನಗೆ ಗುರುತು ಸಿಕ್ಕಿತ್ತು. ಮೊದಲ ಪದಕ್ಕೇ ಸಿಕ್ಕಿತ್ತು. ‘ಏಲು’ ಎಂದು ಯಾರು ಹೇಳುತ್ತಾರೆ ನನಗೆ ಗೊತ್ತಿಲ್ಲವೇ? ಇಪ್ಪತ್ತೆರಡು ವರ್ಷ ನಿನ್ನ ಅಕ್ಕ ನನ್ನನ್ನು ‘ಕೇಲ್ರೀ ಇಲ್ಲಿ’ ಎಂದೇ ಕರೆದಳು. ದ್ರಾಕ್ಷಿ ಹುಳಿ ಇದ್ದರೆ ‘ಹುಲಿ’ ಎನ್ನುತ್ತಿದ್ದಳು, ನಾನು ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದೆ, ಅವಳು ನಗುತ್ತಿದ್ದಳು. ಊರವರ ಬರಹದಲ್ಲೆಲ್ಲ ಲ, ಳ ತಿದ್ದಿದವನು ಮನೆಯಲ್ಲಿ ತಿದ್ದಲಿಲ್ಲ. ಮಗಳು ಅದನ್ನೇ ಕಲಿತಳು.

ಇನ್ನೊಂದು ಕೇಳು. ಆ ಸಡಿಲ ಬೆಲ್ಟಿನಲ್ಲಿ ಮಗಳ ದನಿ ಒಂದೂವರೆ ಮನೆ ಇಳಿದಾಗ ಅದು ಮಗಳದಾಗಿ ಉಳಿಯಲಿಲ್ಲ. ನಿನ್ನ ಅಕ್ಕನ ದನಿ ಆಯಿತು. ಮೂರು ವರ್ಷದ ಮೇಲೆ ಅವಳು ಕೋಣೆಯೊಳಗೆ ಹಾಡಿದಳು. ಆಮೇಲೆ ಸಿಟ್ಟು ಬಂತು, ಎಂಥ ಸಿಟ್ಟು ಎಂದರೆ ಹಲ್ಲು ಕಡಿದು ದವಡೆ ನೋಯಿತು. ಇಂಥ ದನಿಯನ್ನು ಗಂಟಲಲ್ಲಿ ಇಟ್ಟುಕೊಂಡು ನನ್ನ ಮನೆ ಬಿಟ್ಟು ಹೋದಳಲ್ಲ, ನಿನ್ನ ಮೊಟ್ಟೆ ತಟ್ಟೆಗಳಿಗೆ ಹಾಡಿದಳಲ್ಲ ಎಂದು. ಅದಕ್ಕೆ ಒಂದು ಕೊಟ್ಟೆ. ಬೇಕೆಂದೇ ಕೊಟ್ಟೆ. ಅಚ್ಚಾಗುವ ಹೊತ್ತಿಗೆ ಆ ಏಳನೇ ಹಾಡನ್ನು ಹದಿನಾಲ್ಕು ಸಲ ಕೇಳಿದ್ದೆ.

ಹೊಸ ಬೆಲ್ಟಿನಲ್ಲಿ ಪೀಪಿ ಪೀಪಿಯ ಹಾಗೇ ಹಾಡುತ್ತಾಳೆ. ಚೆನ್ನಾಗಿ ಹಾಡುತ್ತಾಳೆ. ಅವಳಿಗೆ ಏನು ಹೇಳಬೇಕು, ನೀನೇ ಹೇಳು.

ನಿನ್ನ ಭಾವ


೨ ಮೇ ೧೯೯೪

ಭಾವನವರಿಗೆ,

ಹರಿಯಲಿಲ್ಲ. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ, ನಾಳೆ ಬೇಕಾಗಬಹುದು.

ನಿಮ್ಮ ಕಾಗದ ಓದಿ ನನ್ನ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡಿರೇನೋ. ಅಕ್ಕನ ಹೆಸರು ಎತ್ತಿದ ಜಾಗದಲ್ಲಿ ಬಂತು, ಸುಳ್ಳು ಹೇಳುವುದಿಲ್ಲ. ಮುಂದಿನ ಸಾಲಿಗೆ ಒಣಗಿತು. ಗುರುತು ಸಿಗದೆ ಕೊಟ್ಟಿದ್ದರೆ ನೀವು ಕಿವುಡರು. ಸಿಕ್ಕಿಯೂ ಕೊಟ್ಟಿರಿ. ಅದಕ್ಕೆ ಹೆಸರು ನನಗೆ ಗೊತ್ತಿಲ್ಲ.

ಅವಳು ಮೂರು ದಿನದಿಂದ ಬೆಳಿಗ್ಗೆ ಗುನುಗುತ್ತಿದ್ದಾಳೆ. ಅರ್ಜಿ ಇನ್ನೂ ಮೇಜಿನ ಮೇಲಿದೆ, ಅಂಚೆಗೆ ಹಾಕಿಲ್ಲ. ಈಗ ಹೋಗಿ ನಿಮ್ಮಪ್ಪ ಬೇಕೆಂದೇ ಕೊಟ್ಟರು ಎನ್ನಲೇ? ನನ್ನಿಂದಾಗದು. ನಿಮ್ಮಿಂದಲೂ ಆಗಕೂಡದು. ನಿಮಗೆ ಹೇಳಿ ಹಗುರಾಗುವ ಆಸೆ ಇದೆ, ಆ ಸುಖ ನಿಮಗೆ ನಾನು ಕೊಡುವುದಿಲ್ಲ.

ಹಳೇ ಬೆಲ್ಟು ಎಸೆದಿಲ್ಲ ತಾನೇ? ಅದನ್ನು ವಾಪಸ್ಸು ಹಾಕಿಸಿ. ಭಾನುವಾರ ಅವಳು ಬಂದು ಹಳೆಯದು ಬಿಚ್ಚಿ, ಹೊಸದು ಹಾಕಿ, ಕ್ಯಾಸೆಟ್ಟು ಹಚ್ಚುತ್ತಾಳೆ. ನೀವು ‘ಅಯ್ಯೋ, ನೀನೇನೇ!’ ಎಂದು ಬಾಯಿ ತೆರೆದು ಕೂರಬೇಕು. ಮಾಡದ ತಪ್ಪಿಗೆ ಅವಳು ನಿಮ್ಮನ್ನು ಕ್ಷಮಿಸುತ್ತಾಳೆ, ಮಾಡಿದ ತಪ್ಪನ್ನು ಬಾಯಲ್ಲೇ ಇಟ್ಟುಕೊಂಡು ನೀವು ಕ್ಷಮೆ ತಗೊಳ್ಳಬೇಕು. ಸಾಯುವ ತನಕ ಕಿವಿ ಕೇಳದ ಅಪ್ಪನಾಗಿ ಇರಿ. ಇದೇ ನಾನು ನಿಮಗೆ ಕೊಡುವ ಅಂಕ.

ನಿಮ್ಮ ಭಾಮೈದ


೯ ಮೇ ೧೯೯೪

ಭಾಮೈದನಿಗೆ,

ನಿನ್ನೆ ಬಂದಿದ್ದಳು. ಹೋದಳು. ನಿನಗೆ ಅವಳು ಏನು ಹೇಳುತ್ತಾಳೋ, ಅದಕ್ಕೆ ಮೊದಲು ನನ್ನದು ಮುಟ್ಟಲಿ ಎಂದು ಕೆಲಸಕ್ಕೆ ರಜೆ ಹಾಕಿ ಬರೆಯುತ್ತಿದ್ದೇನೆ.

ನೀನು ಹೇಳಿದ ಹಾಗೆ ಹಳೇ ಬೆಲ್ಟು ಹಾಕಿಸಿದ್ದೆ. ಬಂದವಳು ಮೊದಲು ಮನೆಯೆಲ್ಲ ನೋಡಿದಳು. ‘ಪರದೆ ಒಗೆದೇ ಇಲ್ವಲ್ಲ ಅಪ್ಪ’ ಎಂದಳು. ಸಣ್ಣಗಾಗಿದ್ದಾಳೆ, ಕೂದಲು ಕತ್ತರಿಸಿಕೊಂಡಿದ್ದಾಳೆ, ನಿನ್ನ ಕಾಗದದಲ್ಲಿ ಅದು ಇರಲಿಲ್ಲ. ಟೇಪ್ ರೆಕಾರ್ಡರಿನ ಮುಂದೆ ನೆಲದ ಮೇಲೆ ಕೂತಳು. ಬೆಲ್ಟಿನ ಪೊಟ್ಟಣ ಪಕ್ಕಕ್ಕಿಟ್ಟು, ‘ಮೊದ್ಲು ಹಳೇದ್ರಲ್ಲಿ ಹೇಗೆ ಕೇಳುತ್ತೆ ನೋಡೋಣ’ ಎಂದು ಏಳನೇ ಹಾಡು ಹಚ್ಚಿದಳು.

ಎರಡು ಸಾಲು ಆಗಿರಬೇಕು. ಅವಳ ಬೆನ್ನು ನೆಟ್ಟಗಾಯಿತು. ಅವಳಿಗೂ ಕೇಳಿಸಿತು ಕಣೋ. ತನ್ನ ಬಾಯಿಂದ ಅವಳಮ್ಮ ಹಾಡುವುದು ಅವಳಿಗೂ ಕೇಳಿಸಿತು. ಹಾಡು ಮುಗಿಯುವವರೆಗೆ ತಿರುಗಿ ನೋಡಲಿಲ್ಲ. ಮುಗಿದ ಮೇಲೆ, ತಿರುಗದೆಯೇ ಕೇಳಿದಳು: ‘ಬೆಲ್ಟು ಸಡಿಲ ಆದ್ರೆ ಶ್ರುತಿ ಇಳಿಯುತ್ತೆ ಸರಿ. ಳ ಹೋಗಿ ಲ ಆಗುತ್ತಾ ಅಪ್ಪ?’

ನೀನು ಕಲಿಸಿದ ನಾಟಕವೆಲ್ಲ ತಲೆಯಲ್ಲಿತ್ತು. ‘ಆಗಲ್ಲ’ ಎಂದೆ.

ಅವಳು ತಲೆಯಾಡಿಸಿದಳು. ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ನಾನು ಎಷ್ಟೋ ಹೇಳಬೇಕೆಂದಿದ್ದೆ. ಆ ಒಂದು ಅಂಕ ಸುಳ್ಳು, ಹಾಡಿಗೆ ನಿಜವಾಗಿ ಇಷ್ಟು, ಹನ್ನೊಂದು ವರ್ಷದಲ್ಲಿ ಮೂರು ಜನಕ್ಕೂ ಇಷ್ಟು ಕೊಟ್ಟಿಲ್ಲ ಎಂದು. ಒಂದೇ ಮಾತು ಹೊರಟಿತು: ‘ಏಳು.’

ಅವಳು ಎದ್ದಳು. ಎದ್ದು ಸೀರೆಯ ಧೂಳು ಕೊಡವಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು, ‘ಬರ್ತೀನಪ್ಪ’ ಎಂದು ಮೆಟ್ಟಿಲಿಳಿದಳು. ನಾನು ಎದ್ದೇಳು ಎಂದೆ ಎಂದು ತಿಳಿದುಕೊಂಡಳು ಎಂಬುದು ನನಗೆ ಹೊಳೆದಾಗ ಅವಳು ಬೀದಿಯ ತಿರುವಿನಲ್ಲಿದ್ದಳು. ಕಿಟಕಿಯಿಂದ ಕೂಗಿದೆ. ಸೈಕಲ್ಲಿನವರು ತಲೆಯೆತ್ತಿ ನೋಡಿದರು.

ಅದು ಅಂಕ ಎಂದು ಅವಳಿಗೆ ಹೇಳು. ಹತ್ತಕ್ಕೆ ಏಳು. ನಿನಗೆ ಕೈಮುಗಿಯುತ್ತೇನೆ, ಹೇಳು.

ನಿನ್ನ ಭಾವ


೧೯ ಮೇ ೧೯೯೪

ಭಾವನವರಿಗೆ,

ಹೇಳಿದೆ. ‘ಗೊತ್ತು ಮಾಮ’ ಎಂದಳು.

ಅಂಕ ಎಂದು ಅವಳಿಗೆ ಆಗಲೇ ತಿಳಿಯಿತಂತೆ. ತಿಳಿದೇ ಎದ್ದಳಂತೆ. ‘ಎರಡು ವರ್ಷ ಆದ್ಮೇಲೆ ಹೋಗಿದ್ದೆ. ಅಮ್ಮನ ದನಿ ಕೇಳ್ತಾ ಇಬ್ರೂ ಕೂತಿದ್ವಿ. ಆಗ್ಲೂ ಅಂಕಾನೇ ಕೊಟ್ರು ಮಾಮ’ ಎಂದಳು. ಬೆಲ್ಟಿನಿಂದಾಗಿ ನಿಮಗೆ ಗುರುತು ಸಿಗಲಿಲ್ಲ ಎಂಬ ಕಥೆಯನ್ನೂ ಅವಳು ಒಂದು ದಿನವೂ ನಂಬಿರಲಿಲ್ಲ. ನಾನು ಅವಳಿಗೆ ನಾಟಕ ಆಡುತ್ತಿದ್ದೆ, ಅವಳು ನನಗೆ ಆಡುತ್ತಿದ್ದಳು. ನಿಮ್ಮ ಬಾಯಿಂದ ನಿಜ ಹೊರಡುತ್ತದೋ ಇಲ್ಲವೋ ನೋಡಬೇಕಿತ್ತಂತೆ. ‘ಆಗಲ್ಲ’ ಎಂದಿರಲ್ಲ, ಅದಕ್ಕೆ ಸಂತೋಷಪಟ್ಟಿದ್ದಾಳೆ. ಇದನ್ನು ನಿಮಗೆ ತಿಳಿಸಲು ನನಗೆ ಇಷ್ಟವಿಲ್ಲ, ತಿಳಿಸು ಎಂದಳು, ತಿಳಿಸಿದ್ದೇನೆ.

ಮೊನ್ನೆ ಮಂಗಳವಾರ ನಾಲ್ಕು ಹಾಡೂ ಹಾಡಿದಳು. ಎರಡನೆಯದನ್ನು ಒಂದೇ ಉಸಿರಿಗೆ ಒಪ್ಪಿಸಿದಳು, ಪಿಟೀಲಿನವರು ಬಿಲ್ಲು ಕೆಳಗಿಟ್ಟು ಚಪ್ಪಾಳೆ ಹೊಡೆದರು. ಎಕ್ಸ್‌ಚೇಂಜಿನ ಅರ್ಜಿಯ ಹಿಂಬದಿಯಲ್ಲಿ ಸಾಹಿತ್ಯ ಬರೆದುಕೊಂಡಿದ್ದಳು. ಈ ಸಲ ಹೊದಿಕೆಯ ಮೇಲೆ ಹೆಸರು ಹಾಕಿಸುತ್ತಿದ್ದಾಳೆ. ನಿಮ್ಮ ಅಂಕಣಕ್ಕೆ ಕಳಿಸಬೇಡಿ ಎಂದು ಕಂಪನಿಯವರಿಗೆ ಹೇಳಿದ್ದಾಳೆ.

ನಿಮ್ಮಿಂದ ಅವಳಿಗೆ ಒಂದೇ ಒಂದು ಬೇಕಂತೆ. ಆ ಟೇಪ್ ರೆಕಾರ್ಡರ್. ಬೆಲ್ಟು ಬದಲಾಯಿಸದೆ, ಹಳೆಯದರ ಸಮೇತ.

ನಿಮ್ಮ ಭಾಮೈದ


೨೫ ಮೇ ೧೯೯೪

ಭಾಮೈದನಿಗೆ,

ಪಾರ್ಸೆಲ್ ಮಾಡಿದ್ದೇನೆ. ಪೆಟ್ಟಿಗೆಯೊಳಗೆ ಹಳೇ ಪತ್ರಿಕೆ ಒತ್ತಿದ್ದೇನೆ, ಅಲ್ಲಾಡದು. ಬಿಡಿಸುವಾಗ ತಲೆಕೆಳಗು ಮಾಡಬೇಡಿ, ಬೆಲ್ಟು ಕಳಚಿಕೊಳ್ಳುತ್ತದೆ. ಕಳುಹಿಸುವ ಮುಂಚೆ ಒಂದು ಸಲ ಹಾಕಿ ಕೇಳಿದೆ. ಒಂದೇ ಸಲ.

ಅಂಕಣ ಬಿಟ್ಟೆ. ಸಂಪಾದಕರು ತಡೆಯಲಿಲ್ಲ.

ಮನೆಯಲ್ಲಿ ಈಗ ಹಾಡು ಕೇಳಲು ಏನೂ ಇಲ್ಲ. ಪರದೆ ಒಗೆದು ಹಾಕಿದ್ದೇನೆ ಎಂದು ಅವಳಿಗೆ ಹೇಳು. ಅವಳೇ ಬಂದು ಹಾಡಿದರೆ ಕೇಳುತ್ತೇನೆ. ಅಂಕ ಕೊಡುವುದಿಲ್ಲ. ನೀನು ಜೊತೆಗೆ ಬರಬೇಡ.

ಭಾವ